ಸೂಜಿ ಹಾಕ್ಸು, ಮಾತ್ರೆ ಮಾತ್ರ ಬಿಡಿಸಬ್ಯಾಡ

ಹಲೋ... ರೆಕಾರ್ಡ್ ಆಗ್ತೈತಾ ಇದು? ಹ್ಞಾಂ. ಪುಟ್ಟಿ, ನಿನ್ನ ಮೆಸೇಜು ಮೊಮ್ಮಗನ ಕೈಲಿ ಈಗ ಓದಿಸಿದೆ. "ಅಪ್ಪಗೆ ಲಕ್ವ ಹೊಡ್ದು 18 ದಿನ ಆತು, ಎಡಗೈ ಎತ್ತಾಕೆ ಆಗ್ತಿಲ್ಲ, ಅಕ್ಯುಪಂಕ್ಚರ್ ಮಾಡಿಸಿದ್ರೆ ಕೈ ಬರ್ತೈತಂತೆ, ಕರ್ಕೊಂಡು ಹೋಗ್ಲಾ ದೊಡ್ಡಮ್ಮ" ಅಂತ ಕೇಳೀಯ. ಅಳಬ್ಯಾಡ, ಮೊದ್ಲು ನಾನು ಹೇಳಾದು ಕೇಳು.

ನಿಮ್ಮ ದೊಡ್ಡಪ್ಪಗೆ ಮೊದಲ್ನೇ ಸಲ ಹೊಡೆದಿದ್ದು ದುಗ್ಗಮ್ಮನ ಜಾತ್ರೆ ವರ್ಷ, ನಿಮಗೆಲ್ಲ ಗೊತ್ತೈತಿ. ಎರಡು ತಿಂಗಳಿಗೆ ಕೋಲು ಹಿಡ್ಕಂಡು ಬೀದಿ ಕೊನೆತನಕ ಹೋಗಿ ಬರ್ತಿದ್ರು. ಅಲ್ಲಿ ಕದ್ದು ಮಿರ್ಚಿ ತಿಂದು ಬರ್ತಿದ್ರು ಅನ್ನಾದು ಆಮೇಲೆ ಗೊತ್ತಾತು ಬಿಡು. ಕೈ ಮಾತ್ರ ಜೋತು ಬಿದ್ದಿತ್ತು. ಯಾರೋ ಹೇಳಿದ್ರು ಅಂತ ಸೂಜಿ ಹಾಕೋನ ಹತ್ರ ಹೋದ್ವಿ. ಕೂದಲಿನಂಥ ಸೂಜಿ. ಹೆಬ್ಬೆಟ್ಟಿಂದು, ತೋರುಬೆರಳಿಂದು ಸಂದಿಗೊಂದು, ಮೊಣಕಾಲ ಕೆಳಗೊಂದು. ಅದಕ್ಕೆ ವೈರು ಸಿಗ್ಸಿ ಕರೆಂಟು ಬಿಟ್ಟ ನೋಡು, ಸತ್ತಂಗಿದ್ದ ಬೆರಳು ಟಕ್ ಟಕ್ ಅಂತ ಕುಣೀತು! ನಾನು ಅಲ್ಲೇ ಅತ್ತುಬಿಟ್ಟೆ, ಕೈ ಬಂತು ಅಂತ. ಮಿಷನ್ ಆಫ್ ಮಾಡಿದ, ಬೆರಳೂ ನಿಂತ್ಕಂತು. ಕುಣ್ಸಿದ್ದು ಕರೆಂಟು ಅನ್ನಾದು ನನಗೆ ಹೊಳೀಲೇ ಇಲ್ಲ.

ಸೂಜಿಯಿಂದ ಏನೂ ಆಗ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ಅವನು ಬಾಯಿಂದ ಹೇಳಿದ ಮಾತಿಂದ ಕೆಟ್ವಿ. "ಇಂಗ್ಲಿಷ್ ಮಾತ್ರೆ ನಿಲ್ಸಿ, ಇಲ್ದಿದ್ರೆ ಸೂಜಿ ಹಿಡಿಯಲ್ಲ" ಅಂದ. ಬಿಪಿ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ, ಎಲ್ಲ ಡಬ್ಬಿಗೆ ಹಾಕಿಟ್ಟೆ. ನಾನೇ ಇಟ್ಟೆ, ಈ ಕೈಯಾರೆ. ಮೂರು ವಾರಕ್ಕೆ, ಬೆಳಗ್ಗೆ ಚಾ ಲೋಟ ಕೊಟ್ಟೆ, ಬಾಯಿಗಿಟ್ಟಿದ್ದು ಒಂದು ಕಡೆಯಿಂದ ಅಂಗಿ ಮೇಲೆ ಸುರೀತು. ಬಾಯಿ ಸೊಟ್ಟ. ಎರಡ್ನೇ ಸಲ. ಅವತ್ತು ಹೋದ ಮಾತು ಬರ್ಲೇ ಇಲ್ಲ. ಈಗ್ಲೂ ಕಟ್ಟೆ ಮೇಲೆ ಕುಂತು ಇದನ್ನೆಲ್ಲ ಕೇಳ್ತಾ ಅದಾರೆ, "ಆಂ" ಅಂತಾರೆ ಅಷ್ಟೆ.

ಅದಕ್ಕೇ ಹೇಳೋದು, ಸೂಜಿ ಬೇಕಿದ್ರೆ ಹಾಕ್ಸು, ಮಾತ್ರೆ ಬಿಡಿಸಬ್ಯಾಡ. ಕೇಳಿಸ್ತಾ? ಮಾತ್ರೆ ಬಿಡಿಸಬ್ಯಾಡ.

ಆಗ ಆಸ್ಪತ್ರೇಲಿ 11 ರಾತ್ರಿ. ನೋಡಾಕೆ ಎಲ್ರೂ ಬಂದ್ರು, ಕೈಯಾಗೆ ಒಂದು ಚಿಪ್ಪು ಬಾಳೆಹಣ್ಣು, ಬಾಯಾಗೆ ಒಬ್ಬೊಬ್ಬ ಡಾಕ್ಟ್ರು. ಪಾರಿವಾಳದ ರಕ್ತ ಹಚ್ಚು ಅಂದೋರೂ ಇದ್ರು. ರಾತ್ರಿ ನಿಲ್ಲಾಕೆ ಯಾರು? ನಿಮ್ಮಪ್ಪ ಒಬ್ನೇ, ಅಂಗಡಿ ಬಾಗ್ಲು ಹಾಕಿ ಬಂದು ಬೆಂಚಿನ ಮೇಲೆ ಮಲಗ್ತಿದ್ದ. ಆ ಸೂಜಿಯೋನ ವಿಳಾಸ ಕೊಟ್ಟೋರು ಈ ಗ್ರೂಪಿನಾಗೇ ಅದಾರೆ, ಕೇಳ್ಲಿ. ಆಮೇಲೆ ನಮ್ಮ ಹೊಸ್ಲು ತುಳೀಲಿಲ್ಲ. ಮನೆ ಪಾಲಿನ ಸಹಿಗೆ ಮಾತ್ರ ಬಂದ್ರು.

ಇರ್ಲಿ... ಅಯ್ಯೋ, ನೀನು ಕೇಳಿದ್ದೇ ಬಿಟ್ಟೆ. ನಮ್ಮ ನರದ ಡಾಕ್ಟ್ರು ಆಮೇಲೆ ಹೇಳಿದ್ರು, ಚೀನಾದಾಗೆ ಲಕ್ವಕ್ಕೆ ಇದನ್ನ ಬಹಳ ಮಾಡ್ತಾರಂತೆ, ಆದ್ರೆ ಸೂಜಿಯಿಂದ್ಲೇ ಕೈ ಬರ್ತೈತಿ ಅನ್ನಾಕೆ ಗಟ್ಟಿ ಪುರಾವೆ ಇಲ್ಲಂತೆ. ಮೊದಲ್ನೇ ಮೂರು ತಿಂಗಳು ತಾನಾಗೇನೂ ಒಂದಿಷ್ಟು ಬರ್ತೈತಿ, ಆವಾಗ ಸೂಜಿ ಹಾಕ್ಸಿದ್ರೆ ಹೆಸರು ಸೂಜಿಗೆ. ಅದಕ್ಕೆ ಫಿಸಿಯೋದೋರು ಹೇಳಿದ ವ್ಯಾಯಾಮ ಒಂದು ದಿನಾನೂ ತಪ್ಪಿಸಬ್ಯಾಡ. ಎಬ್ಸುವಾಗ ಆ ಕೈ ಹಿಡಿದು ಜಗ್ಗಬ್ಯಾಡ್ರಿ, ಭುಜ ಜಾರ್ತೈತಿ. ಸೂಜಿಗೆ ಹೋಗಾದಾದ್ರೆ ಮೊದ್ಲು ನಿಮ್ಮ ಡಾಕ್ಟ್ರನ್ನ ಕೇಳು. ರಕ್ತ ತೆಳು ಮಾಡೋ ಮಾತ್ರೆ ಐತಿ ಅಂತ ಸೂಜಿಯೋನಿಗೂ ಹೇಳು, ಹೊಸ ಪ್ಯಾಕೆಟ್ಟು ನಿನ್ನ ಕಣ್ಮುಂದೆ ಒಡೀಲಿ. ಮಾತ್ರೆ ನಿಲ್ಸು ಅಂದ್ನಾ, ಎದ್ದು ಬಾ.

ಮತ್ತೆ ಬಾಯಿ ಸೊಟ್ಟ ಆತು, ಮಾತು ತೊದಲ್ತು ಅಂದ್ರೆ ಗಡಿಯಾರ ನೋಡ್ಕಂಡು 108ಕ್ಕೆ ಫೋನ್ ಮಾಡು. ಮೆದುಳಿನಾಗೆ ಹೆಪ್ಪುಗಟ್ಟಿದ ರಕ್ತ ಕರಗ್ಸೋ ಇಂಜೆಕ್ಷನ್ನು ನಾಲ್ಕೂವರೆ ಗಂಟೆ ಒಳಗೇ ಕೊಡಬೇಕಂತೆ, ಅದಕ್ಕೂ ಮುಂಚೆ ತಲೆ ಸ್ಕ್ಯಾನ್ ಆಗ್ಬೇಕು. ಡಿಸ್ಚಾರ್ಜ್ ಚೀಟಿ ಫೋಟೋ ನನಗೆ ಬ್ಯಾರೆ ಕಳ್ಸು, ಗ್ರೂಪಿಗೆ ಹಾಕಬ್ಯಾಡ. ಕುಕ್ಕರ್ ಕೂಗ್ತು, ಇಡ್ತೀನಿ.