ಪಾಠ ಮಾಡುವಾಗ ‘ನಾನು ಇದಕ್ಕೆ ಅರ್ಹಳಲ್ಲ’ ಎಂಬ ಅಳುಕು: ದಾಟುವುದು ಹೇಗೆ?

ಪ್ರಶ್ನೆ: ಭೌತವಿಜ್ಞಾನ ಶಿಕ್ಷಕಿ

ಪ್ರೌಢಶಾಲೆಯಲ್ಲಿ ಭೌತವಿಜ್ಞಾನ ಬೋಧಿಸುವ ನನಗೆ ವಿಷಯದಲ್ಲಿ ಸ್ನಾತಕೋತ್ತರ ಪದವಿಯಿದೆ, ಬೋಧನಾ ತರಬೇತಿಯೂ ಆಗಿದೆ, ಮುಖ್ಯ ಶಿಕ್ಷಕರಿಂದ ಈವರೆಗೆ ಯಾವ ಆಕ್ಷೇಪವೂ ಬಂದಿಲ್ಲ. ಹಾಗಿದ್ದರೂ ತರಗತಿಯ ಬಾಗಿಲಿಗೆ ಬಂದಾಗಲೆಲ್ಲ, ಇಂದು ನನ್ನ ಬಂಡವಾಳ ಬಯಲಾಗುತ್ತದೆ ಎಂಬ ಅಳುಕು ಕಾಡುತ್ತದೆ. ಮಕ್ಕಳು ಒಳ್ಳೆಯ ಅಂಕ ಪಡೆದರೆ ಅವರು ಜಾಣರೆಂದೂ, ಕಡಿಮೆ ಪಡೆದರೆ ಕಲಿಸಿದವಳು ನಾನೆಂದೂ ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಬೆಳಕಿನ ಚದುರುವಿಕೆಯ ಪಾಠದಲ್ಲಿ ವಿದ್ಯಾರ್ಥಿನಿಯೊಬ್ಬಳು, ‘ತರಂಗದೂರ ಕಡಿಮೆಯಿರುವ ಬೆಳಕು ಹೆಚ್ಚು ಚದುರುವುದಾದರೆ ಆಕಾಶ ನೀಲಿಗಿಂತಲೂ ಕಡಿಮೆ ತರಂಗದೂರದ ನೇರಳೆಯಾಗಿ ಕಾಣಬೇಕಿತ್ತಲ್ಲವೇ?’ ಎಂದು ಕೇಳಿದಳು. ಪೂರ್ಣ ಉತ್ತರ ಆ ಕ್ಷಣಕ್ಕೆ ಹೊಳೆಯಲಿಲ್ಲ. ಅಂದಿನಿಂದ ಪ್ರತಿ ಪಾಠಕ್ಕೂ ಮಧ್ಯರಾತ್ರಿಯವರೆಗೆ ಸಿದ್ಧತೆ ನಡೆಸುತ್ತಿದ್ದೇನೆ. ಅಳುಕು ಮಾತ್ರ ಕರಗಿಲ್ಲ. ಇದನ್ನು ದಾಟಿದವರು ಏನು ಮಾಡಿದಿರಿ?

ಉತ್ತರ 1: ಮನೋವಿಜ್ಞಾನ ಉಪನ್ಯಾಸಕಿ

ಮೇಡಂ, ನೀವು ವಿವರಿಸಿದ್ದು ಇಂಪೋಸ್ಟರ್ ಸಿಂಡ್ರೋಮ್ ಎಂದು ಪ್ರಚಲಿತವಾಗಿರುವ ಮನಃಸ್ಥಿತಿಯೇ. ಇದು ರೋಗನಿರ್ಣಯವಲ್ಲ. ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1978ರಲ್ಲಿ ಇದನ್ನು ಮೊದಲು ವಿವರಿಸಿದರು. ಅವರು ಗಮನಿಸಿದ 150ಕ್ಕೂ ಹೆಚ್ಚು ಮಹಿಳೆಯರು ಸಾಧನೆಯಲ್ಲಿ ಮುಂದಿದ್ದವರು. ಆದರೆ ಆ ಸಾಧನೆಯನ್ನು ಅದೃಷ್ಟಕ್ಕೋ ಪರೀಕ್ಷಕರ ಕಣ್ತಪ್ಪಿಗೋ ಕಟ್ಟಿ, ತಮ್ಮ ಸಾಮರ್ಥ್ಯವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳದವರು.

ಮಧ್ಯರಾತ್ರಿಯ ಸಿದ್ಧತೆಯೇ ನಿಮ್ಮ ಅಳುಕನ್ನು ಸಾಕುತ್ತಿದೆ ಎಂದು ನನಗನ್ನಿಸುತ್ತದೆ. ಪಾಠ ಚೆನ್ನಾಗಿ ನಡೆದರೆ ಅದರ ಶ್ರೇಯಸ್ಸು ನಿದ್ದೆಗೆಟ್ಟ ರಾತ್ರಿಗೆ ಹೋಗುತ್ತದೆಯೇ ಹೊರತು ನಿಮಗಲ್ಲ. ಆದ್ದರಿಂದ ಮರುದಿನ ಮತ್ತೆ ಅಷ್ಟೇ ಸಿದ್ಧತೆ ಬೇಕೆನಿಸುತ್ತದೆ. ಚೆನ್ನಾಗಿ ಗೊತ್ತಿರುವ ಒಂದು ಪಾಠವನ್ನು ಆರಿಸಿಕೊಂಡು, ಮುಖ್ಯ ಪರಿಕಲ್ಪನೆ, ಒಂದು ಉದಾಹರಣೆ ಮತ್ತು ಮಕ್ಕಳು ಎಡವಬಹುದಾದ ಒಂದು ಜಾಗ, ಇಷ್ಟನ್ನೇ ಬರೆದಿಟ್ಟುಕೊಂಡು ಹೋಗಿ ನೋಡಿ.

ಉತ್ತರ 2: ಹಿರಿಯ ಗಣಿತ ಶಿಕ್ಷಕ

ಉಪನ್ಯಾಸಕಿಯವರ ಮಾತು ಸರಿ, ಆದರೆ ಇದು ಮನಸ್ಸಿನೊಳಗೆ ಮಾತ್ರ ಹುಟ್ಟುವ ಸಮಸ್ಯೆಯಲ್ಲ. ನಮ್ಮ ವೃತ್ತಿಯ ರಚನೆಯೇ ಇದಕ್ಕೆ ನೀರೆರೆಯುತ್ತದೆ. ಸಮಾಜಶಾಸ್ತ್ರಜ್ಞ ಡ್ಯಾನ್ ಲೋರ್ಟಿ 1975ರಲ್ಲಿ ಬರೆದಂತೆ, ಶಾಲೆ ಮುಗಿಸುವ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಶಿಕ್ಷಕರ ಸಮ್ಮುಖದಲ್ಲಿ ಸುಮಾರು 13,000 ಗಂಟೆ ಕಳೆದಿರುತ್ತಾನೆ. ಅಷ್ಟೂ ಹೊತ್ತು ಅವನಿಗೆ ಕಾಣುವುದು ಕರಿಹಲಗೆಯ ಮುಂದಿನ ನಿರರ್ಗಳತೆ. ಹಿಂದಿನ ಗೊಂದಲ, ಕೈಬಿಟ್ಟ ಯೋಜನೆ ಯಾವುದೂ ಕಾಣುವುದಿಲ್ಲ. ಅವನೇ ಶಿಕ್ಷಕನಾದ ಮೇಲೆ ಬಾಗಿಲು ಮುಚ್ಚಿಕೊಂಡು ಒಬ್ಬನೇ ಪಾಠ ಮಾಡುತ್ತಾನೆ. ವರ್ಷಗಟ್ಟಲೆ ಸಹೋದ್ಯೋಗಿಯ ಪಾಠವನ್ನೇ ನೋಡದ ವೃತ್ತಿಗಳಲ್ಲಿ ನಮ್ಮದೂ ಒಂದು! ಆದ್ದರಿಂದ ನೀವು ಗೌರವಿಸುವ ಶಿಕ್ಷಕರೊಬ್ಬರ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ. ಅವರೂ ತಡವರಿಸುತ್ತಾರೆ, ಉದಾಹರಣೆ ಬದಲಿಸುತ್ತಾರೆ.

ಇನ್ನು ಆ ನೇರಳೆಯ ಪ್ರಶ್ನೆ. ಸೂರ್ಯನ ಬೆಳಕಿನಲ್ಲಿ ನೇರಳೆಯ ಪಾಲು ನೀಲಿಗಿಂತ ಕಡಿಮೆ, ನಮ್ಮ ಕಣ್ಣಿಗೂ ನೇರಳೆಯ ಸಂವೇದನೆ ಕಡಿಮೆ. ಉತ್ತರದ ಅರ್ಧ ಭಾಗ ಕಣ್ಣಿನಲ್ಲಿ ಅಡಗಿದೆಯೆಂದ ಮೇಲೆ, ಚದುರುವಿಕೆಯ ಪಾಠಕ್ಕೆ ಸಿದ್ಧರಾದವರಿಗೆ ಅದು ತಟ್ಟನೆ ಹೊಳೆಯದಿರುವುದು ಸಹಜ. ಪಾಠ ಅರ್ಥವಾಗದ ಮಗು ಅಂಥ ಪ್ರಶ್ನೆ ಕೇಳುವುದಿಲ್ಲ. ನೀವು ಕಲಿಸಿದ ನಿಯಮವನ್ನೇ ಹಿಡಿದು ಅವಳು ಮುಂದಕ್ಕೆ ಯೋಚಿಸಿದ್ದಾಳೆ. ‘ಗೊತ್ತಿಲ್ಲ, ನಾಳೆ ನೋಡೋಣ’ ಎನ್ನಲು ಹಿಂಜರಿಯಬೇಕಿಲ್ಲ. ಆದರೆ ನಾಳೆ ಮರೆಯದೆ ಉತ್ತರಿಸಬೇಕು, ಏಕೆಂದರೆ ಮಕ್ಕಳು ಅದನ್ನು ನೆನಪಿಟ್ಟುಕೊಳ್ಳುತ್ತಾರೆ.

ಉತ್ತರ 3: ಶಿಕ್ಷಕರ ತರಬೇತುದಾರ

ನನ್ನದೊಂದು ಭಿನ್ನ ಅಭಿಪ್ರಾಯ. ಎಲ್ಲ ಸಂಶಯವೂ ಸುಳ್ಳಲ್ಲ. ಸಂಶಯವನ್ನು ಕಾಗದದ ಮೇಲೆ ಒಂದು ವಾಕ್ಯವಾಗಿ ಬರೆಯಿರಿ. ‘ನಾನು ಅಯೋಗ್ಯಳು’ ಎಂದಷ್ಟೇ ಬಂದರೆ ಅದರಿಂದ ಮಾಡಬಹುದಾದ ಕೆಲಸ ಏನೂ ಇಲ್ಲ. ‘ಮಸೂರದ ಲೆಕ್ಕಗಳಲ್ಲಿ ಧನ, ಋಣ ಚಿಹ್ನೆ ಹಾಕುವ ಕ್ರಮವನ್ನು ಸ್ಪಷ್ಟವಾಗಿ ವಿವರಿಸಲು ಬರುತ್ತಿಲ್ಲ’ ಎಂದು ಬಂದರೆ, ಅದು ಒಂದು ಸಂಜೆಯಲ್ಲಿ ಸರಿಪಡಿಸಿಕೊಳ್ಳಬಹುದಾದ ಕೊರತೆ. ತಾವು ಓದದ ವಿಷಯವನ್ನು ಬೋಧಿಸುವಂತೆ ಶಾಲೆಯೇ ಹೊಣೆ ಹೊರಿಸಿದ್ದರೆ, ಅಲ್ಲಿ ಬದಲಾಗಬೇಕಾದದ್ದು ಶಿಕ್ಷಕರ ಮನಸ್ಸಲ್ಲ, ಕೆಲಸದ ಹಂಚಿಕೆ.

ಹೊಗಳಿಕೆಯಿಂದ ಅಳುಕು ಹೋಗುತ್ತದೆಂದು ನಿರೀಕ್ಷಿಸಬೇಡಿ. ಆತ್ಮವಿಶ್ವಾಸದ ಮೂಲಗಳನ್ನು 1977ರಲ್ಲಿ ವಿಂಗಡಿಸಿದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ, ಇತರರ ಮಾತಿಗಿಂತ ಸ್ವತಃ ಮಾಡಿ ಗೆದ್ದ ಅನುಭವಕ್ಕೇ ಹೆಚ್ಚು ಬಲವೆಂದರು. ಪಾಠದ ಆರಂಭದಲ್ಲೂ ಕೊನೆಯಲ್ಲೂ ಒಂದೇ ಪ್ರಶ್ನೆಗೆ ಮಕ್ಕಳಿಂದ ಚೀಟಿಯಲ್ಲಿ ಉತ್ತರ ಬರೆಸಿ ಹೋಲಿಸಿ. ಎರಡರ ನಡುವಿನ ವ್ಯತ್ಯಾಸವನ್ನು ಅದೃಷ್ಟದ ಖಾತೆಗೆ ಹಾಕುವುದು ನಿಮ್ಮ ಮನಸ್ಸಿಗೂ ಕಷ್ಟವಾದೀತು.

ಭೌತವಿಜ್ಞಾನ ಶಿಕ್ಷಕಿ

ಎಲ್ಲರಿಗೂ ಧನ್ಯವಾದಗಳು. ಚೀಟಿಯ ಪ್ರಯೋಗವನ್ನು ಮುಂದಿನ ಪಾಠದಲ್ಲೇ ಆರಂಭಿಸುತ್ತೇನೆ. ಗಣಿತದ ಸರ್, ಸಹೋದ್ಯೋಗಿಯ ತರಗತಿಯಲ್ಲಿ ಕುಳಿತುಕೊಳ್ಳುತ್ತೇನೆಂದರೆ ಅವರು ಅದನ್ನು ತಪಾಸಣೆಯೆಂದು ಭಾವಿಸುವುದಿಲ್ಲವೇ?

ಹಿರಿಯ ಗಣಿತ ಶಿಕ್ಷಕ

ಭಾವಿಸಬಹುದು. ಆದ್ದರಿಂದ ಮೊದಲು ಅವರನ್ನೇ ನಿಮ್ಮ ತರಗತಿಗೆ ಕರೆಯಿರಿ, ಅದೂ ‘ಹಿಂದಿನ ಸಾಲಿನ ಮಕ್ಕಳು ಎಲ್ಲಿ ಕೈಬಿಟ್ಟು ಹೋಗುತ್ತಾರೆಂದು ನೋಡಿ ಹೇಳುವಿರಾ?’ ಎಂಬ ಒಂದೇ ಕೆಲಸ ಒಪ್ಪಿಸಿ. ಆಮೇಲೆ ಅವರ ತರಗತಿಗೆ ಹೋಗಲು ನೀವು ಅನುಮತಿ ಕೇಳಿದರೆ ಅವರಿಗೆ ಮುಜುಗರವಾಗದು.