ಅಣಕು ವಿಧಾನಸಭೆಗೆ ಮಸೂದೆ: ಜೂಜಿನ ದುಡ್ಡು ಶಾಲೆಗೆ ಎಂದು ಬರೆದರೆ ಕರಡು ನಿಲ್ಲುತ್ತದೆಯೇ?

ಮಡಿಕೇರಿ ಪಿಯು ತಂಡ:

ಎಲ್ಲರಿಗೂ ನಮಸ್ಕಾರ. ನಾವು ದ್ವಿತೀಯ ಪಿಯು ಕಲಾ ವಿಭಾಗದ ಎಂಟು ಮಂದಿ. ಅಣಕು ವಿಧಾನಸಭೆಯಲ್ಲಿ ಮಂಡಿಸಲು ‘ಕರ್ನಾಟಕ ಗ್ರಾಮೀಣ ಶಾಲಾ ನಿಧಿ ಮತ್ತು ಜೂಜು ನಿಯಂತ್ರಣ ವಿಧೇಯಕ’ ಬರೆಯುತ್ತಿದ್ದೇವೆ. ಈಗಿರುವ ಕರಡು ಹೀಗಿದೆ:

ಆನ್‌ಲೈನ್ ರಮ್ಮಿ ಮತ್ತು ಬೆಟ್ಟಿಂಗ್ ಆ್ಯಪ್‌ಗಳ ಮೇಲೆ ಶೇ 10 ರಾಜ್ಯ ತೆರಿಗೆ. ಕೇರಳದ ಹಾಗೆ ರಾಜ್ಯ ಲಾಟರಿ ಮತ್ತೆ ಶುರು. ಎರಡರಿಂದ ಬಂದ ಹಣವೆಲ್ಲ ನೇರವಾಗಿ ಶಾಲಾ ನಿಧಿಗೆ ಹೋಗಿ, ಮಕ್ಕಳ ಸಂಖ್ಯೆಯ ಪ್ರಕಾರ ಹಂಚಿಕೆ. ‘ಹಣ ಪಣವಿಟ್ಟು ಆಡುವ ಯಾವುದೇ ಆಟ’ ಜೂಜು; ಅದಕ್ಕೆ ದಂಡ, ದಂಡದ ಹಣವೂ ನಿಧಿಗೇ.

ವಿರೋಧ ಪಕ್ಷದ ತಂಡಕ್ಕೆ ಅರ್ಧ ಗಂಟೆ ಸಮಯವಿದೆ. ಅವರು ಎಲ್ಲಿ ಹಿಡಿಯಬಹುದು? ತಿಳಿದವರು ದಯವಿಟ್ಟು ಹೇಳಿ.

ಕರಡುಗಾರ:

ಮೊದಲ ಸಾಲಿನಲ್ಲೇ ಹಿಡಿಯುತ್ತಾರೆ. ಸಂವಿಧಾನದ ಏಳನೇ ಅನುಸೂಚಿ (ಕೇಂದ್ರ, ರಾಜ್ಯಗಳ ಅಧಿಕಾರ ಹಂಚುವ ಪಟ್ಟಿಗಳು) ತೆಗೆದು ನೋಡಿ. ಪಣ ಮತ್ತು ಜೂಜು ರಾಜ್ಯಪಟ್ಟಿಯ 34ನೇ ನಮೂದು, ಹಾಗಾಗಿ ನಿಯಂತ್ರಿಸುವ, ನಿಷೇಧಿಸುವ ಅಧಿಕಾರ ನಿಮ್ಮ ಸಭೆಗೆ ಇದೆ. ತೆರಿಗೆಯ ಮಾತು ಬೇರೆ. ಅದು 62ನೇ ನಮೂದಿನಲ್ಲಿತ್ತು. 2016ರ 101ನೇ ತಿದ್ದುಪಡಿ ಅಲ್ಲಿಂದ ಪಣ, ಜೂಜು ಎರಡನ್ನೂ ತೆಗೆದುಹಾಕಿತು. ಈಗ ಅಲ್ಲಿ ಉಳಿದಿರುವುದು ಪಂಚಾಯಿತಿ, ಪುರಸಭೆಯಂಥ ಸ್ಥಳೀಯ ಸಂಸ್ಥೆಗಳು ವಸೂಲು ಮಾಡುವ ಮನರಂಜನಾ ತೆರಿಗೆ ಮಾತ್ರ. ಜೂಜಿನ ತೆರಿಗೆ ಜಿಎಸ್‌ಟಿಯೊಳಗೆ ಹೋಯಿತು. 2025ರ ಸೆಪ್ಟೆಂಬರ್ 22ರಿಂದ ಲಾಟರಿ, ಬೆಟ್ಟಿಂಗ್, ಕ್ಯಾಸಿನೊ ಎಲ್ಲಕ್ಕೂ ಶೇ 40. ಇದರ ಮೇಲೆ ರಾಜ್ಯ ತನ್ನದೇ ಶೇ 10 ಹಾಕುವಂತಿಲ್ಲ. ಸಾಲದ್ದಕ್ಕೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ದುಡ್ಡಿನ ಆಟ ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಆ್ಯಪ್‌ನಲ್ಲಿ ಆಡಿಸುವುದನ್ನೇ ನಿಷೇಧಿಸುತ್ತದೆ. ನಿಷೇಧವಿರುವ ವ್ಯವಹಾರದ ಮೇಲೆ ತೆರಿಗೆಯ ಅಂದಾಜು ಕಟ್ಟಿದರೆ ನಿಮ್ಮ ಆಯವ್ಯಯ ಅಲ್ಲೇ ಬೀಳುತ್ತದೆ. ಆ ಖಂಡ ಕೈಬಿಡಿ.

ಲಾಟರಿಯ ಕಥೆ ಇನ್ನೂ ಗಟ್ಟಿ ವಿಷಯ. ಸರ್ಕಾರಿ ಲಾಟರಿಗಳು ಕೇಂದ್ರಪಟ್ಟಿಯ 40ನೇ ನಮೂದು. 1998ರ ಲಾಟರಿ (ನಿಯಂತ್ರಣ) ಕಾಯ್ದೆಯ ಷರತ್ತು ಪಾಲಿಸಿ ರಾಜ್ಯ ಲಾಟರಿ ನಡೆಸಬಹುದು: ಒಂದು ಲಾಟರಿಗೆ ವಾರಕ್ಕೆ ಒಂದೇ ಡ್ರಾ, ವರ್ಷಕ್ಕೆ ಆರಕ್ಕಿಂತ ಹೆಚ್ಚು ಬಂಪರ್ ಇಲ್ಲ, ಮಾರಾಟದ ಹಣ ರಾಜ್ಯದ ಸಾರ್ವಜನಿಕ ಲೆಕ್ಕಕ್ಕೆ. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು. ಬೇರೆ ರಾಜ್ಯಗಳ ಟಿಕೆಟ್ ಇಲ್ಲಿ ಮಾರಬೇಡಿ ಎನ್ನುವ ಹಕ್ಕು ಆ ನಿಲುವಿಗೇ ಅಂಟಿಕೊಂಡಿದೆ. ಬಿ.ಆರ್. ಎಂಟರ್‌ಪ್ರೈಸಸ್ ಪ್ರಕರಣದಲ್ಲಿ (1999) ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ತಾನು ಲಾಟರಿ ನಡೆಸುವ ರಾಜ್ಯ ಇನ್ನೊಂದು ರಾಜ್ಯದ ಲಾಟರಿಯನ್ನು ತಡೆಯುವಂತಿಲ್ಲ. ಅಂದರೆ ನೀವು ಲಾಟರಿ ಶುರುಮಾಡಿದ ದಿನವೇ ಮಾಕುಟ್ಟ, ಕುಟ್ಟ ಎರಡು ಗಡಿಗಳಿಂದಲೂ ಕೇರಳದ ಟಿಕೆಟ್ ರಾಜಾರೋಷವಾಗಿ ಒಳಬರಬಹುದು. 1967ರಿಂದ ನಡೆದುಬಂದ ವ್ಯವಸ್ಥೆ ಅದು. ಅದರ ಎದುರು ನಿಮ್ಮ ಹೊಸ ಲಾಟರಿಗೆ ವಿರಾಜಪೇಟೆಯಲ್ಲಿ ಎಷ್ಟು ಗಿರಾಕಿ? ವಿರೋಧ ಪಕ್ಷದವರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ.

ನನ್ನ ಅಭಿಪ್ರಾಯ ಸ್ಪಷ್ಟ: ಶಾಲೆಯನ್ನು ಜೂಜಿಗೆ ಕಟ್ಟಿಹಾಕಬೇಡಿ. ಎರಡು ಮಸೂದೆ ಮಾಡಿ.

ಖಜಾನೆ ಲೆಕ್ಕ:

ಎರಡು ಮಸೂದೆ ಎಂಬುದಕ್ಕೆ ನನ್ನದೂ ಒಪ್ಪಿಗೆ. ಕಾರ್ಯವಿಧಾನದ ಕಾರಣವೂ ಇದೆ. ದಂಡ ವಿಧಿಸುತ್ತದೆ ಎಂಬ ಒಂದೇ ಕಾರಣಕ್ಕೆ ಮಸೂದೆ ಧನ ವಿಧೇಯಕ (ತೆರಿಗೆ, ಸರ್ಕಾರಿ ಹಣದ ವಿಷಯ ಮಾತ್ರ ಇರುವ ಮಸೂದೆ) ಆಗುವುದಿಲ್ಲ, ಸಂವಿಧಾನದ 199(2)ನೇ ವಿಧಿ ನೋಡಿ. ನಿಮ್ಮ ಕರಡಿನಲ್ಲಿ ತೆರಿಗೆ, ನಿಧಿ, ಅಪರಾಧ, ಶಿಕ್ಷೆ ಎಲ್ಲ ಕಲಸಿಹೋಗಿವೆ. ಹೀಗಿದ್ದರೆ ಅದು 207ನೇ ವಿಧಿಯ ಹಣಕಾಸು ವಿಧೇಯಕ: ರಾಜ್ಯಪಾಲರ ಶಿಫಾರಸಿಲ್ಲದೆ ಮಂಡಿಸುವಂತಿಲ್ಲ, ಪರಿಷತ್ತಿನಲ್ಲಿ ಆರಂಭಿಸುವಂತೆಯೂ ಇಲ್ಲ. ಶಿಫಾರಸಿನ ಒಂದು ಸಾಲು ಮಸೂದೆಗೆ ಲಗತ್ತಿಸದಿದ್ದರೆ ಮೊದಲ ಕ್ರಿಯಾಲೋಪ (ಸದನದ ನಿಯಮ ಮುರಿದಿದೆ ಎಂಬ ಆಕ್ಷೇಪ) ಅಲ್ಲೇ ಏಳುತ್ತದೆ. ಜೂಜಿನ ಮಸೂದೆ ಬೇರೆಯಾದರೆ ಆ ತೊಡಕು ಅದಕ್ಕಿಲ್ಲ.

‘ಹಣವೆಲ್ಲ ನೇರವಾಗಿ ನಿಧಿಗೆ’ ಎಂಬ ಮಾತನ್ನು ಹೊಡೆದುಹಾಕಿ. ರಾಜ್ಯದ ಆದಾಯ, ದಂಡದ ಹಣ ಸೇರಿ, 266ನೇ ವಿಧಿಯಂತೆ ಮೊದಲು ಸಂಚಿತ ನಿಧಿಗೆ (ಸರ್ಕಾರದ ಮುಖ್ಯ ಖಜಾನೆಗೆ) ಜಮೆ. ಅಲ್ಲಿಂದ ಹೊರಗೆ ಬರಲು ಧನವಿನಿಯೋಗ ಕಾನೂನು (ಖಜಾನೆಯ ಹಣ ಖರ್ಚಿಗೆ ಸದನ ಕೊಡುವ ಒಪ್ಪಿಗೆ) ಬೇಕು. ಹೀಗೆ ಬರೆಯಿರಿ:

‘ರಾಜ್ಯ ವಿಧಾನಮಂಡಲವು ಕಾನೂನಿನ ಮೂಲಕ ಈ ಬಗ್ಗೆ ಧನವಿನಿಯೋಗ ಮಾಡಿದ ತರುವಾಯ, ರಾಜ್ಯ ಸರ್ಕಾರವು ಪ್ರತಿ ಹಣಕಾಸು ವರ್ಷದಲ್ಲಿ ಅನುಸೂಚಿಯಂತೆ ಲೆಕ್ಕ ಹಾಕಿದ ಮೊತ್ತವನ್ನು ನಿಧಿಗೆ ಜಮಾ ಮಾಡತಕ್ಕದ್ದು.

ಪರಂತು, ಹಾಗೆ ಜಮೆಯಾದ ಮೊತ್ತವು, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಸರ್ಕಾರಿ ಶಾಲೆಗಳ ನಿರ್ವಹಣೆಗೆ ಮಾಡಿದ ಸರಾಸರಿ ವೆಚ್ಚಕ್ಕೆ ಹೆಚ್ಚುವರಿಯಾಗಿರತಕ್ಕದ್ದೇ ಹೊರತು ಅದಕ್ಕೆ ಬದಲಿಯಾಗಿರತಕ್ಕದ್ದಲ್ಲ.’

ಈ ‘ಪರಂತು’ (ಷರತ್ತಿನ ಸಾಲು) ಬಿಟ್ಟರೆ ಏನಾಗುತ್ತದೆ? ನಿಧಿಗೆ 10 ಕೋಟಿ ಬಂತು ಎಂದು ತೋರಿಸಿ ಇಲಾಖೆಯ ಮಾಮೂಲು ಅನುದಾನದಲ್ಲಿ 10 ಕೋಟಿ ಕಡಿತ ಮಾಡಬಹುದು. ಲಾಟರಿಯ ಹಣ ಶಿಕ್ಷಣಕ್ಕೆ ಎನ್ನುವ ಪದ್ಧತಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1964ರಲ್ಲೇ ಶುರುವಾಯಿತು. ಅಲ್ಲಿನ ರಾಜ್ಯಗಳ ಲಾಟರಿಗಳ ಮೇಲೆ ಬಹುಕಾಲದಿಂದ ಇರುವ ದೊಡ್ಡ ಆಕ್ಷೇಪ ಇದೇ.

ದಂಡದ ಹಣದ ಮೇಲೆ ಯೋಜನೆ ಕಟ್ಟುವುದೂ ಸರಿಯಲ್ಲ. ಕಾನೂನು ಚೆನ್ನಾಗಿ ಜಾರಿಯಾದಷ್ಟೂ ದಂಡ ಕಡಿಮೆಯಾಗಬೇಕು, ಶಾಲೆಯ ದುಡ್ಡು ಕಡಿಮೆಯಾಗಬಾರದು.

ಮುಖ್ಯ ಗುರು:

ಹಂಚಿಕೆಯ ಸೂತ್ರದ ಬಗ್ಗೆ. ಬರೀ ತಲೆಲೆಕ್ಕ ಕೊಡಗಿಗೆ ಅನ್ಯಾಯ ಮಾಡುತ್ತದೆ. ಇಲ್ಲಿ ಮನೆಗಳು ತೋಟದ ನಡುವೆ ದೂರದೂರ, ಶಾಲೆಗಳು ಚಿಕ್ಕವು. ಮಳೆಗಾಲದಲ್ಲಿ ಒಂದು ಹೆಂಚು ಜಾರಿದರೆ ರೀಪರ್ (ಹೆಂಚಿನಡಿಯ ಮರದ ಪಟ್ಟಿ) ನೆನೆಯುತ್ತದೆ, ಮರುವರ್ಷ ಅದು ಕೊಳೆತು ಪಕ್ಕದ ನಾಲ್ಕು ಹೆಂಚು ಇಳಿಯುತ್ತವೆ, ಗೋಡೆ ಪಾಚಿಗಟ್ಟುತ್ತದೆ. ಮಕ್ಕಳು 24 ಇದ್ದರೂ 240 ಇದ್ದರೂ ಆ ಸೂರಿಗೆ ಖರ್ಚು ಅಷ್ಟೇ.

ಮೆಟ್ಟಿಲು ಕ್ರಮವೂ ಬೇಡ. ಸಮಗ್ರ ಶಿಕ್ಷಣ ಯೋಜನೆಯ ಸಂಯುಕ್ತ ಶಾಲಾ ಅನುದಾನ ನೋಡಿ: 30 ಮಕ್ಕಳವರೆಗೆ ₹10,000, 31ರಿಂದ 100ರವರೆಗೆ ₹25,000, 101ರಿಂದ 250ರವರೆಗೆ ₹50,000. ಒಂದೇ ಮಗು ವರ್ಗಾವಣೆ ಪತ್ರ ತೆಗೆದುಕೊಂಡು 31 ಇದ್ದದ್ದು 30 ಆದರೆ ₹15,000 ಹೋಯಿತು.

ಇದರ ಬದಲು ಶಾಲೆಗೊಂದು ಮೂಲ ಮೊತ್ತ, ಮೇಲೆ ತಲಾ ಮೊತ್ತ. ಉದಾಹರಣೆಗೆ ಮೂಲ ₹20,000, ತಲಾ ₹400. 24 ಮಕ್ಕಳಿಗೆ ₹29,600, 180 ಮಕ್ಕಳಿಗೆ ₹92,000. ಮಲೆನಾಡಿನ ಶಾಲೆಗೆ ಮೂಲದ ಮೇಲೆ ಶೇ 25, ಅಂದರೆ ₹5,000 ಹೆಚ್ಚು. ಸರಾಸರಿ 45 ಮಕ್ಕಳ 50 ಶಾಲೆಗಳಿದ್ದರೆ ಮೂಲ 10 ಲಕ್ಷ, ತಲಾ 9 ಲಕ್ಷ, ಮಲೆನಾಡಿನ ಹೆಚ್ಚಳ 2.5 ಲಕ್ಷ: ಒಟ್ಟು ₹21.5 ಲಕ್ಷ. ಮಸೂದೆಯ ಖರ್ಚು ತಿಳಿಸುವ ಆರ್ಥಿಕ ಜ್ಞಾಪನ ಪತ್ರದಲ್ಲಿ ಇದೇ ರೀತಿ ಬಿಡಿಸಿ ತೋರಿಸಿ.

ಎಣಿಕೆಯ ದಿನವನ್ನು ಮಸೂದೆಯಲ್ಲೇ ಬರೆಯಿರಿ, ಒಂದೇ ದಿನ ಇಡಬೇಡಿ. ಕಾಫಿ ಕೊಯ್ಲು ಹತ್ತಿರ ಹತ್ತಿರ ಡಿಸೆಂಬರ್‌ನಿಂದ ಮಾರ್ಚ್. ತೋಟದ ಲೈನ್‌ಮನೆಗೆ (ಕಾರ್ಮಿಕರ ಸಾಲುಮನೆಗೆ) ಬರುವ ಕಾರ್ಮಿಕರ ಮಕ್ಕಳು ಆಗ ಶಾಲೆಗೆ ಸೇರುತ್ತಾರೆ. ಸೆಪ್ಟೆಂಬರ್‌ನಲ್ಲಿ ಮಾತ್ರ ಎಣಿಸಿದರೆ ಆ ಮಕ್ಕಳು ಲೆಕ್ಕಕ್ಕೇ ಇಲ್ಲ. ಸೆಪ್ಟೆಂಬರ್ 30 ಮತ್ತು ಜನವರಿ 31, ಎರಡರಲ್ಲಿ ಹೆಚ್ಚಿನದು ಎನ್ನಿ.

ಮೊದಲ ಕಂತು ಏಪ್ರಿಲ್ 30ರೊಳಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಖಾತೆಗೆ ಬರಬೇಕು. ಜುಲೈಯಲ್ಲಿ ಬಂದ ದುಡ್ಡಿನಲ್ಲಿ ಹೆಂಚು ಹೊದಿಸಲಾಗದು.

ಕೋರ್ಟು ಕಟ್ಟೆ:

ಜೂಜಿನ ವ್ಯಾಖ್ಯೆಯನ್ನು ಯಾರೂ ಮುಟ್ಟಲಿಲ್ಲ. ‘ಹಣ ಪಣವಿಟ್ಟು ಆಡುವ ಯಾವುದೇ ಆಟ’ ಎಂದರೆ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಸಮಯದಲ್ಲಿ ಪ್ರವೇಶ ಶುಲ್ಕ ಕಟ್ಟಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯೂ ಅಪರಾಧ, ಶುಲ್ಕ ಕಟ್ಟಿ ಬಹುಮಾನಕ್ಕೆ ಆಡುವ ಹಾಕಿಯೂ ಅಪರಾಧ ಎಂದು ವಾದಿಸಬಹುದು. ಕೊಡಗಿನ ಸಭಿಕರ ಎದುರು ಇದನ್ನು ಸಮರ್ಥಿಸುವುದು ಕಷ್ಟ.

ಕಾನೂನಿನಲ್ಲೂ ನಿಲ್ಲದು. 1968ರ ಸತ್ಯನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತು. 1996ರಲ್ಲಿ ಲಕ್ಷ್ಮಣನ್ ಪ್ರಕರಣದಲ್ಲಿ ಕುದುರೆ ರೇಸಿಗೂ ಅದೇ ಮಾತು. ಕರ್ನಾಟಕ ಪೊಲೀಸ್ ಕಾಯ್ದೆ, 1963ಕ್ಕೆ 2021ರಲ್ಲಿ ತಂದ ತಿದ್ದುಪಡಿ ಕೌಶಲದ ಆಟಗಳನ್ನೂ ಜೂಜಿನ ಬಲೆಗೆ ಎಳೆಯಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ಭಾಗಗಳನ್ನು ರದ್ದುಮಾಡಿತು. ನಿಮ್ಮ ಖಂಡ ಅದೇ ಗುಂಡಿಗೆ ಬೀಳುತ್ತಿದೆ.

ಹಾಗಾಗಿ ‘ಫಲಿತಾಂಶವು ಪ್ರಧಾನವಾಗಿ ಅದೃಷ್ಟವನ್ನು ಅವಲಂಬಿಸಿರುವ’ ಎಂಬ ಮಾತು ಸೇರಿಸಿ. ಮಟ್ಕಾ, ಅಂದರ್ ಬಾಹರ್ ಇದರೊಳಗೆ ಬರುತ್ತವೆ. ಜೊತೆಗೆ ವಿನಾಯಿತಿಯ ಉಪಖಂಡ ಇರಲಿ: ಸ್ಪರ್ಧಿಗಳು ಮಾತ್ರ ಶುಲ್ಕ ಕಟ್ಟಿ, ಬಹುಮಾನ ಮೊದಲೇ ಘೋಷಿತವಾಗಿರುವ ಕೌಶಲದ ಸ್ಪರ್ಧೆಗೆ ಅನ್ವಯವಿಲ್ಲ. ಪಕ್ಕದಲ್ಲಿ ನಿಂತವರು ಕಟ್ಟುವ ಬಾಜಿಗೆ ಈ ವಿನಾಯಿತಿ ಕೊಡಬೇಡಿ.

ಮಡಿಕೇರಿ ಪಿಯು ತಂಡ:

ತುಂಬಾ ಧನ್ಯವಾದ ಸರ್, ಮೇಡಂ. ತೆರಿಗೆ, ಲಾಟರಿ ಎರಡನ್ನೂ ತೆಗೆದೆವು. ಎರಡು ಮಸೂದೆ ಮಾಡುತ್ತೇವೆ. ನಿಧಿಯ ಮೊತ್ತವನ್ನು ಕಾನೂನಿನ ಪ್ರಕರಣದಲ್ಲೇ (ಸೆಕ್ಷನ್) ಬರೆಯಬೇಕೋ, ಸರ್ಕಾರ ಆಮೇಲೆ ಮಾಡುವ ನಿಯಮಕ್ಕೆ ಬಿಡಬೇಕೋ?

ಕರಡುಗಾರ:

ಎರಡೂ ಬೇಡ, ಮಸೂದೆಯ ಕೊನೆಗೆ ಲಗತ್ತಿಸುವ ಅನುಸೂಚಿಯಲ್ಲಿ ಬರೆಯಿರಿ. ಪ್ರಕರಣದಲ್ಲಿ ಹಾಕಿದರೆ ₹400ನ್ನು ₹450 ಮಾಡಲು ಪ್ರತಿಸಲ ತಿದ್ದುಪಡಿ ಮಸೂದೆ ಬೇಕು. ಪೂರ್ತಿ ನಿಯಮಕ್ಕೆ ಬಿಟ್ಟರೆ ಸರ್ಕಾರ ಅದನ್ನು ಇಳಿಸಲೂಬಹುದು. ‘ಅಧಿಸೂಚನೆಯ ಮೂಲಕ ಅನುಸೂಚಿಯ ಮೊತ್ತವನ್ನು ಹೆಚ್ಚಿಸಬಹುದು’ ಎಂದಷ್ಟೇ ಅಧಿಕಾರ ಕೊಡಿ, ‘ಮಾರ್ಪಡಿಸಬಹುದು’ ಎನ್ನಬೇಡಿ. ಆ ಅಧಿಸೂಚನೆಯನ್ನು ಸದನದ ಮುಂದಿಡಬೇಕೆಂದೂ ಸೇರಿಸಿ.

ಕೊನೆಯ ಪುಟಗಳ ಕ್ರಮ: ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ, ಆರ್ಥಿಕ ಜ್ಞಾಪನ ಪತ್ರ, ಪ್ರತ್ಯಾಯೋಜಿತ ಶಾಸನ ರಚನೆಯ (ಸರ್ಕಾರಕ್ಕೆ ಬಿಟ್ಟುಕೊಟ್ಟ ನಿಯಮ, ಅಧಿಸೂಚನೆಗಳ ಅಧಿಕಾರದ) ಜ್ಞಾಪನ ಪತ್ರ. ಮಸೂದೆಯ ಹಂತದಲ್ಲಿ ‘ಖಂಡ’, ಕಾಯ್ದೆಯಾದ ಮೇಲೆ ‘ಪ್ರಕರಣ’. ಚರ್ಚೆಯಲ್ಲಿ ನೀವು ‘ಖಂಡ 3’ ಎಂದೇ ಹೇಳಬೇಕು. ವಿನಾಯಿತಿಯ ಖಂಡ ಸಿದ್ಧವಾದ ಮೇಲೆ ಇಲ್ಲಿ ಹಾಕಿ, ನೋಡೋಣ.