ರೆಫರಿ ‘ಮೋಸ ಮಾಡಿದ’, ‘ಮೋಸ ಹೋದ’, ‘ಮೋಸ ಆಯ್ತು’: ಫುಟ್‌ಬಾಲ್ ವರದಿಯಲ್ಲಿ ಯಾವುದು ಸರಿ?

ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ.

ನನ್ನ ಪ್ರಶ್ನೆ ‘ಮೋಸ’ ಅನ್ನುವ ಪದದ ಬಗ್ಗೆ. ಫುಟ್‌ಬಾಲ್ ನೋಡುವವರ ಬಾಯಲ್ಲಿ ಈ ಪದ ಜಾಸ್ತಿ ಓಡಾಡುತ್ತದೆ. ಪೆನಾಲ್ಟಿ ಕೊಡದಿದ್ದರೆ ಮೋಸ, ಎದುರಿನವರಿಗೆ ಕೊಟ್ಟರೂ ಮೋಸ. ಲೈನ್ಸ್‌ಮನ್ ಆಫ್‌ಸೈಡ್ ಬಾವುಟ ಎತ್ತಿದರೆ ಮೋಸ. ಚೆನ್ನಾಗಿ ಆಡುತ್ತಿದ್ದ ಹುಡುಗನನ್ನು ಕೋಚ್ ಹೊರಗೆ ಕರೆದರೆ ‘ಹುಡುಗಗ ಮೋಸ ಆಯ್ತು’. ಇಷ್ಟಕ್ಕೆಲ್ಲ ಒಂದೇ ಪದ ಸಾಕಾಗುತ್ತಾ? ಅಥವಾ ಅದಕ್ಕೆ ಬೇರೆ ಬೇರೆ ಕ್ರಿಯಾಪದ ಹಚ್ಚಿ ನಾವು ಬೇರೆ ಬೇರೆ ಮಾತನ್ನೇ ಹೇಳುತ್ತಿದ್ದೇವಾ?

ಪಂದ್ಯ ಮುಗಿದ ಮೇಲೆ ಗೆಳೆಯರ ವಾಟ್ಸಾಪ್ ಗುಂಪಿಗೆ ಕನ್ನಡದಲ್ಲಿ ಒಂದು ವರದಿ ಬರೆದು ಹಾಕುವುದು ನನ್ನ ರೂಢಿ. ಪಾಸು, ಕಾರ್ನರ್, ಗೋಲು ಎಲ್ಲ ಸಲೀಸಾಗಿ ಬರುತ್ತವೆ. ರೆಫರಿಯ ತಪ್ಪು ಬಂದ ಜಾಗದಲ್ಲಿ ಕೈ ನಿಲ್ಲುತ್ತದೆ. ನನ್ನ ಸಿಟ್ಟು ಅಲ್ಲಿ ಬರಬೇಕು, ಆದರೆ ಸುಳ್ಳು ಆರೋಪ ಆಗಬಾರದು. ‘ಮೋಸ ಮಾಡಿದ’ ಅಂತ ಬರೆದರೆ ಆತ ಬೇಕಂತಲೇ ಮಾಡಿದ ಅಂದಂತಾಗುತ್ತದೆ. ‘ತಪ್ಪು ಮಾಡಿದ’ ಅಂದರೆ ನಮಗಾದ ಸಂಕಟ ಎಲ್ಲೂ ಕಾಣುವುದಿಲ್ಲ.

ಒಂದು ಪಂದ್ಯ ಇಟ್ಟುಕೊಂಡೇ ಮಾತಾಡೋಣ. 2024ರ ಜೂನ್ 11, ದೋಹಾ. ವಿಶ್ವಕಪ್ ಅರ್ಹತಾ ಪಂದ್ಯ, ಭಾರತ ಮತ್ತು ಕತಾರ್. ಗೆದ್ದಿದ್ದರೆ ಭಾರತ ಮೂರನೇ ಸುತ್ತಿಗೆ ಹೋಗುತ್ತಿತ್ತು. 37ನೇ ನಿಮಿಷದಲ್ಲಿ ನಮ್ಮ ಛಾಂಗ್ಟೆ ಗೋಲು ಹೊಡೆದರು. 73ನೇ ನಿಮಿಷದ ತನಕ ನಾವೇ ಮುಂದಿದ್ದೆವು. ಆಗ ಕತಾರಿನ ಯೂಸುಫ್ ಐಮನ್ ತಲೆಯಿಂದ ಹೊಡೆದ ಚೆಂಡನ್ನು ನಮ್ಮ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ತಡೆದರು. ಚೆಂಡು ಗೋಲು ಕಂಬದ ಪಕ್ಕಕ್ಕೆ ಉರುಳಿ ಮೈದಾನದ ಗೆರೆ ದಾಟಿತು. ಕತಾರಿನ ಇನ್ನೊಬ್ಬ ಆಟಗಾರ ಅದನ್ನು ಕಾಲಿನಿಂದ ಒಳಕ್ಕೆ ಎಳೆದ. ಐಮನ್ ಗೋಲಿಗೆ ಒದ್ದ. ಚೆಂಡು ಹೊರಗೆ ಹೋಯಿತು, ಆಟ ನಿಂತಿತು ಅಂತ ನಮ್ಮವರು ನಿಂತುಬಿಟ್ಟಿದ್ದರು. ರೆಫರಿ ಗೋಲು ಕೊಟ್ಟರು. ಆ ಪಂದ್ಯದಲ್ಲಿ ವಿಡಿಯೊ ನೋಡಿ ತಿದ್ದುವ ವಿಎಆರ್ ವ್ಯವಸ್ಥೆ ಇರಲಿಲ್ಲ. 85ನೇ ನಿಮಿಷದಲ್ಲಿ ಇನ್ನೊಂದು ಗೋಲು ಬಿತ್ತು. 2-1ಕ್ಕೆ ಸೋತು ಮನೆಗೆ ಬಂದರು.

ಆಗ ನಮ್ಮ ಸುತ್ತ ಎದ್ದ ಕೂಗು: ‘ಏ, ಬಾಲ್ ಹೊರಗ ಹೋಗ್ಯಾದೋ! ಕಣ್ಣಿಗಿ ಪಟ್ಟಿ ಕಟ್ಕೊಂಡಾನೇನು ಅಂವ!’ ನಮ್ಮ ಜೊತೆ ಪಂದ್ಯ ನೋಡುವವರಲ್ಲಿ ನಿವೃತ್ತ ಪಿ.ಟಿ. ಮಾಸ್ತರೊಬ್ಬರಿದ್ದಾರೆ. ‘ಮಾಸ್ತರ್, ಇದು ಮೋಸ ಅಲ್ಲೇನ್ರಿ?’ ಅಂತ ಕೇಳಿದೆ. ಅವರು ಹೇಳಿದ್ದು: ‘ಮೋಸ ಹೌದಪಾ. ಆದ್ರ ರೆಫರಿ ಮೋಸ ಮಾಡಿಲ್ಲ. ಅಂವ ಮೋಸ ಹೋಗ್ಯಾನ.’

ಈ ಪ್ರಶ್ನೆ ಹುಟ್ಟಿದ್ದು ಆ ಮಾತಿನಿಂದ. ‘ಮೋಸ ಹೋದ’ ಅನ್ನುವುದು ರೆಫರಿಯ ಮೇಲಿನ ಸಿಟ್ಟನ್ನು ಬಿಡುವುದಿಲ್ಲ, ಆತನನ್ನು ಕಳ್ಳನನ್ನಾಗಿಯೂ ಮಾಡುವುದಿಲ್ಲ. ನಮ್ಮ ಕಲಬುರಗಿಯ ಉರ್ದು ಮಾತಿನಲ್ಲೂ ಇದೇ ಜೋಡಿ ಇದೆ. ‘ಧೋಖಾ ದಿಯಾ’ ಅಂದರೆ ಮೋಸ ಮಾಡಿದ, ‘ಧೋಖಾ ಖಾಯಾ’ ಅಂದರೆ ಮೋಸ ಹೋದ. ಮೈದಾನದಲ್ಲಿ ಎರಡೂ ಭಾಷೆಯವರು ಕೂಡಿ ಆಡುವುದರಿಂದ ಎರಡೂ ಕಿವಿಗೆ ಬೀಳುತ್ತವೆ.

ಆದರೆ ಒಬ್ಬ ಮೋಸ ಹೋದ ಅಂದರೆ ಮೋಸ ಮಾಡಿದವನು ಇನ್ನೊಬ್ಬ ಇರಲೇಬೇಕಾ? 1986ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮರಡೋನಾ ಕೈಯಿಂದ ಗೋಲು ಹೊಡೆದದ್ದು ಎಲ್ಲರಿಗೂ ಗೊತ್ತು. ಅಲ್ಲಿ ಲೆಕ್ಕ ಸರಳ. ಮರಡೋನಾ ಮೋಸ ಮಾಡಿದ, ಟುನೀಶಿಯಾದ ರೆಫರಿ ಅಲಿ ಬಿನ್ ನಾಸರ್ ಮೋಸ ಹೋದರು. ದೋಹಾದಲ್ಲಿ ಹಾಗೆ ಹೇಳುವುದು ಕಷ್ಟ. ಸೀಟಿ ಬರುವ ತನಕ ಆಡು ಅಂತಲೇ ಎಲ್ಲ ಕೋಚ್‌ಗಳೂ ಹೇಳಿಕೊಡುತ್ತಾರೆ. ಆ ಆಟಗಾರ ಅಷ್ಟೇ ಮಾಡಿರಬಹುದು. ಚೆಂಡು ಪೂರ್ತಿಯಾಗಿ ಗೆರೆಯನ್ನು ದಾಟಿದರೆ ಮಾತ್ರ ಹೊರಗೆ ಅಂತ ನಿಯಮ. ಗೆರೆಯ ನೇರಕ್ಕೆ ನಿಲ್ಲದವನಿಗೆ ಅದು ಕಾಣುವುದು ಸುಲಭ ಅಲ್ಲ. ಹಾಗಾದರೆ ಆ ರೆಫರಿ ಯಾರಿಂದ ಮೋಸ ಹೋದರು? ತಮ್ಮ ಕಣ್ಣಿನಿಂದಲೇ ಅನ್ನಬೇಕು. ‘ಬಣ್ಣ ನೋಡಿ ಮೋಸ ಹೋದೆ’ ಅಂತೀವಲ್ಲ, ಅಲ್ಲೂ ಬಣ್ಣ ಯಾರಿಗೂ ಏನೂ ಮಾಡಿರುವುದಿಲ್ಲ. ಇನ್ನೂ ಮುಂದಕ್ಕೆ ಹೋದರೆ, ನಮ್ಮ ಕಡೆ ತೊಗರಿ ಬೆಳೆಯುವವರು ‘ಈ ವರ್ಷ ಮಳಿ ಮೋಸ ಮಾಡ್ತು’ ಅಂತಾರೆ. ಮಳೆಗೆ ಏನು ಉದ್ದೇಶ ಇರುತ್ತದೆ? ಅಂದ ಮೇಲೆ ‘ಮೋಸ ಮಾಡು’ ಅನ್ನುವುದರಲ್ಲೂ ಬೇಕಂತಲೇ ಮಾಡುವ ಅರ್ಥ ಕಡ್ಡಾಯ ಅಲ್ಲ ಅಂತ ಆಯಿತು. ಆದರೂ ಮನುಷ್ಯನಿಗೆ ಹೇಳಿದಾಗ ಅದು ಆರೋಪವೇ ಆಗುತ್ತದೆ, ಅಲ್ವಾ? ಇಲ್ಲಿ ನನಗೆ ನಿಮ್ಮ ಸಹಾಯ ಬೇಕು.

‘ಕಣ್ತಪ್ಪು’ ಅನ್ನಬಹುದಲ್ಲ ಅಂತ ಒಬ್ಬ ಗೆಳೆಯ ಹೇಳಿದ. ಅಚ್ಚಗನ್ನಡದ ಪದ, ಅರ್ಥವೂ ಸರಿ. ಆದರೆ ‘ಕಣ್ತಪ್ಪಿನಿಂದ ಹೆಸರು ಬಿಟ್ಟುಹೋಗಿದೆ’ ಅಂತ ಮದುವೆ ಕಾರ್ಡಿನ ವಿಷಯಕ್ಕೆ ಬಳಸುವ ಪದ ಅದು. ಒಂದು ದೇಶದ ವಿಶ್ವಕಪ್ ಕನಸು ಮುರಿದದ್ದಕ್ಕೆ ಅದನ್ನು ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನೊಂದು ಥರದ ಪ್ರಸಂಗ ಇದೆ. ಅಲ್ಲಿ ರೆಫರಿ ಎಲ್ಲ ನೋಡಿರುತ್ತಾರೆ, ನಿಯಮವೂ ಅವರ ಕಡೆ ಇರುತ್ತದೆ. ಆದರೂ ಸೋತವರು ಮೋಸ ಅಂತಾರೆ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪಂದ್ಯ ನೆನಪಿರಬೇಕು. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದವರು ಚೆಂಡಿಗೆ ಅಡ್ಡ ಸಾಲಾಗಿ ನಿಂತು ಇನ್ನೂ ‘ಗೋಡೆ’ ಕಟ್ಟುತ್ತಿದ್ದಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಗೋಲಿಗೆ ಕಳಿಸಿದರು. ತನಗೆ ಸೀಟಿಯೂ ಬೇಡ, ಗೋಡೆಯೂ ಬೇಡ ಅಂತ ರೆಫರಿಗೆ ಮೊದಲೇ ಹೇಳಿದ್ದಾಗಿ ಛೆಟ್ರಿ ಆಮೇಲೆ ತಿಳಿಸಿದರು. ಸೀಟಿಗೆ ಕಾಯಬೇಕು ಅಂತ ರೆಫರಿ ಹೇಳದಿದ್ದರೆ ಬೇಗ ಒದೆಯುವುದಕ್ಕೆ ನಿಯಮದಲ್ಲಿ ಅವಕಾಶ ಇದೆ. 9.15 ಮೀಟರ್ ದೂರ ಎದುರಾಳಿ ನಿಲ್ಲಬೇಕು ಅನ್ನುವುದು ಒದೆಯುವವನ ಅನುಕೂಲಕ್ಕಾಗಿ. ಅವನಿಗೇ ಬೇಡವಾದರೆ ಕಾಯುವ ಅಗತ್ಯ ಇಲ್ಲ. ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ತಮ್ಮ ಇಡೀ ತಂಡವನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಪಂದ್ಯ ಬೆಂಗಳೂರಿನ ಪಾಲಾಯಿತು. ಕೇರಳ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಬಿತ್ತು, ಕೋಚ್‌ಗೆ 10 ಪಂದ್ಯಗಳ ನಿಷೇಧ.

ನಾನು ಬೆಂಗಳೂರು ಎಫ್‌ಸಿ ಅಭಿಮಾನಿ. ನಮ್ಮ ಗುಂಪಿನಲ್ಲಿ ಆ ದಿನ ಓಡಾಡಿದ ಪದ ‘ಚಾಲಾಕಿ’. ಹದಿನೈದು ದಿನ ಕಳೆದು, ಮಾರ್ಚ್ 18ರಂದು ಗೋವಾದಲ್ಲಿ ಫೈನಲ್. ಎದುರಾಳಿ ಎಟಿಕೆ ಮೋಹನ್ ಬಾಗಾನ್‌ಗೆ ಕೊನೆಯ ಹೊತ್ತಿನಲ್ಲಿ ಸಿಕ್ಕ ಪೆನಾಲ್ಟಿಯಿಂದ ಆಟ 2-2 ಆಯಿತು, ಆಮೇಲೆ ಪೆನಾಲ್ಟಿ ಶೂಟೌಟ್‌ನಲ್ಲಿ ನಾವು ಸೋತೆವು. ಭಾರತಕ್ಕೆ ವಿಎಆರ್ ಬೇಕು ಅಂತ ಬೆಂಗಳೂರು ತಂಡದ ಮಾಲೀಕರೇ ಬಹಿರಂಗವಾಗಿ ಹೇಳಿದರು. ಆ ದಿನ ಅದೇ ಗುಂಪಿನಲ್ಲಿ ಓಡಾಡಿದ ಪದ ‘ಮೋಸ’. ಮಲಯಾಳಿ ಗೆಳೆಯರು ಈ ಎರಡು ದಿನಗಳಲ್ಲಿ ಯಾವ ಪದ ಬಳಸಿದರೋ ಊಹಿಸಬಹುದು. ಹಾಗಾಗಿ ವರದಿ ಬರೆಯುವಾಗ ‘ಚಾಲಾಕಿ’ಯನ್ನೂ ‘ಮೋಸ’ವನ್ನೂ ಪಕ್ಕಕ್ಕಿಟ್ಟು, ನಡೆದದ್ದನ್ನು ನಡೆದ ಹಾಗೇ ಮೊದಲು ಬರೆಯಬೇಕು ಅನ್ನುವುದು ನನ್ನ ಅಭಿಪ್ರಾಯ. ಪದ ಆಮೇಲೆ ಬರಲಿ.

ಕೈಗೆ ಚೆಂಡು ತಾಗುವ ವಿಷಯದಲ್ಲಿ ಕನ್ನಡ ತುಂಬ ಚುರುಕಾಗಿದೆ. ‘ಚೆಂಡು ಕೈಗೆ ಬಡಿಯಿತು’ ಅಂದರೆ ಒಂದು, ‘ಚೆಂಡಿಗೆ ಕೈ ಹಚ್ಚಿದ’ ಅಂದರೆ ಇನ್ನೊಂದು. ನಿಯಮವೂ ಈ ಭೇದ ಮಾಡುತ್ತದೆ. ಕೈಗೆ ತಾಗಿದ್ದೆಲ್ಲ ತಪ್ಪಲ್ಲ. ಸಾಮಾನ್ಯವಾಗಿ ಬೇಕಂತಲೇ ಹಚ್ಚಿರಬೇಕು, ಇಲ್ಲವೇ ಕೈ ಚಾಚಿ ಮೈಯನ್ನು ಸಹಜವಲ್ಲದ ರೀತಿಯಲ್ಲಿ ಅಗಲ ಮಾಡಿಕೊಂಡಿರಬೇಕು. ತೊಡಕಾಗುವುದು ಈ ಎರಡನೆಯದರಲ್ಲಿ. 2025ರ ಏಪ್ರಿಲ್ 12ರ ಕೋಲ್ಕತ್ತಾದ ಐಎಸ್‌ಎಲ್ ಫೈನಲ್‌ನಲ್ಲಿ ಬೆಂಗಳೂರಿನ ವಿರುದ್ಧ ಪೆನಾಲ್ಟಿ ಬಂದದ್ದು ಹ್ಯಾಂಡ್‌ಬಾಲ್‌ನಿಂದ. ಅಲ್ಲಿಯೂ ಮೋಹನ್ ಬಾಗಾನ್, ಅಲ್ಲಿಯೂ ನಾವೇ ಸೋತದ್ದು, 2-1. ನಾನು ಬರೆದದ್ದು ‘ಚೆಂಡು ಕೈಗೆ ಬಡಿಯಿತು, ರೆಫರಿ ಪೆನಾಲ್ಟಿ ಕೊಟ್ಟರು’ ಅಂತ. ಆ ವಾಕ್ಯದಲ್ಲೇ ನನ್ನ ತಕರಾರು ಇದೆ, ನಿಯಮಕ್ಕೂ ಎದುರು ಮಾತಾಡಿದಂತಾಗಲಿಲ್ಲ.

ಇನ್ನು ‘ತೀರ್ಪು’. ಪತ್ರಿಕೆಗಳಲ್ಲಿ ‘ವಿವಾದಾತ್ಮಕ ತೀರ್ಪು’ ಅನ್ನುವುದು ಸಿದ್ಧ ಮಾತು. ಆದರೆ ಕೋರ್ಟಿನ ತೀರ್ಪಿಗೆ ಮೇಲ್ಮನವಿ ಇರುತ್ತದೆ. ರೆಫರಿಯ ತೀರ್ಪಿಗೆ ಇಲ್ಲ. ಆಟದಲ್ಲಿ ಏನಾಯಿತು ಅನ್ನುವುದರ ಬಗ್ಗೆ ರೆಫರಿ ಹೇಳಿದ್ದೇ ಕೊನೆ ಅಂತ ಫುಟ್‌ಬಾಲ್‌ನ ಐದನೇ ನಿಯಮ ಹೇಳುತ್ತದೆ. ಆಟ ಮತ್ತೆ ಶುರುವಾದ ಮೇಲೆ ಅವರೇ ಬಯಸಿದರೂ ಹಿಂದಿನದನ್ನು ಬದಲಿಸುವಂತಿಲ್ಲ. ದೋಹಾದ ಗೋಲಿನ ಬಗ್ಗೆ ಭಾರತದ ಫುಟ್‌ಬಾಲ್ ಫೆಡರೇಷನ್ ದೂರು ಕೊಟ್ಟರೂ ಫಲಿತಾಂಶ ಹಾಗೇ ಉಳಿಯಿತು. ಇದಕ್ಕೆ ನಮ್ಮ ಕಡೆಯ ‘ಫೈಸಲಾ’ ಚೆನ್ನಾಗಿ ಹೊಂದುತ್ತದೆ ಅಂತ ನನಗನಿಸುತ್ತದೆ. 1948ರ ತನಕ ಕಲಬುರಗಿ, ಬೀದರ್ ಎಲ್ಲ ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದವು, ಕಚೇರಿ ಭಾಷೆ ಉರ್ದು. ಆ ಕಾಲದ ಎಷ್ಟೋ ಪದ ಇನ್ನೂ ನಮ್ಮ ಮಾತಿನಲ್ಲಿವೆ. ‘ಫೈಸಲಾ ಆಗಿಬಿಟ್ಟದ’ ಅಂದರೆ ಇನ್ನು ಚರ್ಚೆ ಬೇಡ ಅಂತ ಅರ್ಥ. ಮೈಸೂರು, ಮಂಗಳೂರು ಕಡೆಯ ಓದುಗರಿಗೆ ಈ ಅರ್ಥ ದಾಟುತ್ತದಾ?

ರೆಫರಿಗೆ ಏನನ್ನಬೇಕು ಅನ್ನುವುದರ ಬಗ್ಗೆ ನನಗೆ ಹೆಚ್ಚು ಗೊಂದಲ ಇಲ್ಲ. ರೆಫರಿ ಅಂದರೆ ಸಾಕು. ‘ತೀರ್ಪುಗಾರ’ ಆಗಬಹುದು. ‘ನಿರ್ಣಾಯಕ’ ಬೇಡ, ‘ನಿರ್ಣಾಯಕ ಪಂದ್ಯ’ದ ಜೊತೆ ಕಲಸಿಹೋಗುತ್ತದೆ. ಮರಾಠಿಯಲ್ಲಿ ರೆಫರಿಗೂ ಅಂಪೈರ್‌ಗೂ ‘ಪಂಚ’ ಅಂತಾರೆ. ಕನ್ನಡದಲ್ಲಿ ಪಂಚರು ಅಂದರೆ ಊರಿನ ನ್ಯಾಯ ಹೇಳುವವರು, ಪೊಲೀಸರ ಪಂಚನಾಮೆಗೆ ಸಹಿ ಹಾಕುವ ಸಾಕ್ಷಿಗಳೂ ಹೌದು. ನೋಡಿದವನು, ನ್ಯಾಯ ಹೇಳುವವನು ಎರಡೂ ಒಂದೇ ಪದದಲ್ಲಿ ಕೂಡಿವೆ. ರೆಫರಿಯ ಕೆಲಸವೂ ಇದೇ ತಾನೆ? ಬೀದರ್ ಕಡೆ ಮರಾಠಿ ಜಾಸ್ತಿ ಕೇಳುತ್ತದೆ. ಅಲ್ಲಿ ಕಬಡ್ಡಿ ಆಡುವವರು ಕನ್ನಡದಲ್ಲೂ ‘ಪಂಚ’ ಅಂತಾರಾ?

ಕೋಚ್‌ಗಳ ಬಗ್ಗೆ ಒಂದು ಮಾತು. ನನ್ನ ತಕರಾರು ಇಲ್ಲಿ ಪದಕ್ಕಿಂತ ವಾಕ್ಯದ ಬಗ್ಗೆ. ‘ತಂಡದಿಂದ ಕೈಬಿಡಲಾಗಿದೆ’, ‘ವಿಶ್ರಾಂತಿ ನೀಡಲಾಗಿದೆ’, ‘ಬದಲಾಯಿಸಲಾಯಿತು’. ಯಾರು ಕೈಬಿಟ್ಟರು? ಯಾರು ಬದಲಾಯಿಸಿದರು? ಪತ್ರಿಕೆಯ ಕನ್ನಡ ಅದನ್ನು ಹೇಳುವುದೇ ಇಲ್ಲ. ಮೈದಾನದ ಪಕ್ಕ ನಿಂತವನು ‘ಕೋಚ್ ಕುಂದ್ರಿಸ್ಯಾನ’ ಅಂತಾನೆ. ಮಾಡಿದವನು ಯಾರು ಅಂತ ಅಲ್ಲೇ ಗೊತ್ತಾಗುತ್ತದೆ.

ಛೆಟ್ರಿಯ ವಿಷಯವನ್ನೇ ನೋಡಿ. 2024ರ ಜೂನ್ 6ರಂದು ಕೋಲ್ಕತ್ತಾದಲ್ಲಿ ಕುವೈತ್ ವಿರುದ್ಧ ಆಡಿ ಭಾರತ ತಂಡದಿಂದ ನಿವೃತ್ತರಾದರು. 2025ರ ಮಾರ್ಚ್‌ನಲ್ಲಿ, 40ನೇ ವಯಸ್ಸಿನಲ್ಲಿ, ಮತ್ತೆ ತಂಡದಲ್ಲಿದ್ದರು. ‘ಛೆಟ್ರಿ ಮರಳಿದರು’ ಅಂತ ಬರೆದರೆ ಅದು ಛೆಟ್ರಿಯ ಕಥೆ. ‘ಕೋಚ್ ಮನೊಲೊ ಮಾರ್ಕೆಸ್ ಛೆಟ್ರಿಯನ್ನು ವಾಪಸ್ ಕರೆಸಿದರು’ ಅಂತ ಬರೆದರೆ, ಒಂಬತ್ತು ತಿಂಗಳಲ್ಲಿ ಇನ್ನೊಬ್ಬ ಫಾರ್ವರ್ಡ್ ಯಾಕೆ ತಯಾರಾಗಲಿಲ್ಲ ಅನ್ನುವ ಪ್ರಶ್ನೆ ತಾನಾಗಿ ಏಳುತ್ತದೆ. ಅದೇ ತಿಂಗಳು 25ಕ್ಕೆ ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ ಒಂದೂ ಗೋಲು ಬರಲಿಲ್ಲ. 2027ರ ಏಷ್ಯನ್ ಕಪ್‌ಗೆ ಭಾರತ ಅರ್ಹತೆಯನ್ನೇ ಪಡೆಯಲಿಲ್ಲ. ಛೆಟ್ರಿಯ ಮೇಲೆ ನನಗೆ ಇರುವುದು ಪ್ರೀತಿಯೇ. ಅದಕ್ಕೇ ನನಗೆ ಎರಡನೆಯ ವಾಕ್ಯ ಬೇಕು. ನಿರ್ಧಾರ ಮಾಡಿದವರ ಹೆಸರು ವಾಕ್ಯದಲ್ಲಿ ಇರಬೇಕು.

ಹೀಗೆ ಹುಡುಕುತ್ತಾ ನನಗೆ ತುಂಬ ಹಿಡಿಸಿದ್ದು ‘ಅನ್ಯಾಯವಾಗಿ’ ಅನ್ನುವ ಪದ. ‘ಅನ್ಯಾಯ ಮಾಡಿದರು’ ಅಂದರೆ ಮತ್ತೆ ಆರೋಪ. ಆದರೆ ‘ಅನ್ಯಾಯವಾಗಿ ಸತ್ತುಹೋದ’, ‘ಬೆಳೆ ಅನ್ಯಾಯವಾಗಿ ಹಾಳಾಯಿತು’ ಅನ್ನುವಾಗ ನಾವು ಯಾರನ್ನೂ ಬೈಯುತ್ತಿಲ್ಲ. ಹೀಗಾಗಬಾರದಿತ್ತು ಅಂತ ಕರುಳಿನಿಂದ ಹೇಳುತ್ತಿದ್ದೇವೆ. ‘ದೋಹಾದಲ್ಲಿ ಭಾರತ ಅನ್ಯಾಯವಾಗಿ ಸೋತಿತು.’ ಈ ವಾಕ್ಯದಲ್ಲಿ ಸಂಕಟ ಇದೆ, ಸುಳ್ಳಿಲ್ಲ. ರೆಫರಿಗೆ ಪ್ರತ್ಯೇಕವಾಗಿ ‘ಮೋಸ ಹೋದರು’ ಅಂತ ಬರೆದರೆ ಚಿತ್ರ ಪೂರ್ತಿಯಾಗುತ್ತದೆ.

ಬಲ್ಲವರು ಈ ಮೂರು ವಿಷಯ ತಿಳಿಸಿ. ಮೋಸ ಮಾಡಿದವನಿಲ್ಲದೆ ‘ಮೋಸ ಹೋಗು’ ಬಳಸುವುದು ನಿಮ್ಮ ಕಡೆ ಇದೆಯಾ? ‘ಅನ್ಯಾಯವಾಗಿ’ ಅನ್ನುವುದು ಬರಹದಲ್ಲಿ ಓದಿದಾಗ ನಿಮಗೆ ಆರೋಪದ ಹಾಗೆ ಕೇಳುತ್ತದಾ, ಮರುಕದ ಹಾಗೆ ಕೇಳುತ್ತದಾ? ಮತ್ತೆ, ವಿಎಆರ್ ನಿಯಮದಲ್ಲಿ ರೆಫರಿಯ ತೀರ್ಪು ಬದಲಿಸಬೇಕಾದರೆ ಅದು ಸ್ಪಷ್ಟವಾದ, ಎದ್ದು ಕಾಣುವ ತಪ್ಪಾಗಿರಬೇಕು ಅಂತ ಇದೆ. ‘ಎದ್ದು ಕಾಣುವ ತಪ್ಪು’ ನನಗೆ ಹಿಡಿಸಿದೆ. ಯಾದಗಿರಿ, ಸುರಪುರ ಕಡೆಯವರ ಮಾತಿನಲ್ಲಿ ಇದಕ್ಕಿಂತ ಚಿಕ್ಕದಾದ, ಮೊನಚಾದ ಪದ ಇದ್ದರೆ ದಯವಿಟ್ಟು ಬರೆಯಿರಿ. ಮುಂದಿನ ಪಂದ್ಯದ ವರದಿಯಲ್ಲೇ ಬಳಸುತ್ತೇನೆ.